ಮಾತಾಡುವ ತಲೆ



ಇವತ್ತು ನಿಮಗೆ ಒಂದು ತಲೆಯ ಕಥೆ ಹೇಳಬೇಕೆಂದಿದ್ದೇನೆ. ಮೈಯಿಲ್ಲ, ಕೈಕಾಲಿಲ್ಲ. ಲೋಹ ಕರಗಿಸಿ ಎರಕ ಹೊಯ್ದು ಮಾಡಿದ ಬರೀ ತಲೆ. ತಾನಾಗಿ ಅದು ಎಂದೂ ಬಾಯಿ ಬಿಡುವುದಿಲ್ಲ. ಎದುರಿಗೆ ನಿಂತು ಕೇಳಿದರೆ ಮಾತ್ರ ಉತ್ತರ ಕೊಡುತ್ತದೆ. ಆ ಉತ್ತರವೂ ಎರಡೇ ಬಗೆ: ಹೌದು, ಇಲ್ಲವೆಂದರೆ ಇಲ್ಲ. ಆದರೆ ಹೇಳಿದ್ದು ಸುಳ್ಳಾಗುವುದಿಲ್ಲ. ಇಂಥದೊಂದು ತಲೆ ನಮ್ಮ ಮನೆಯ ಮಾಡಿನಲ್ಲಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ನೋಡಿ. ಈ ಸಲ ತೊಗರಿ ಬಿತ್ತಲೇ ಎಂದು ಕೇಳಬಹುದಾಗಿತ್ತು. ಬಂದಿರುವ ಸಂಬಂಧಕ್ಕೆ ಹೂಂ ಅನ್ನಲೇ ಎಂದು ಕೇಳಬಹುದಾಗಿತ್ತು. ಕೋರ್ಟಿನಲ್ಲಿ ಹತ್ತು ವರ್ಷದಿಂದ ಕೊಳೆಯುತ್ತಿರುವ ಬದುವಿನ ವ್ಯಾಜ್ಯ ನಮ್ಮಂತೆ ಆದೀತೇ ಎಂದೂ ಕೇಳಿ, ವಕೀಲರ ಖರ್ಚು ಉಳಿಸಬಹುದಾಗಿತ್ತು.

ಇಂಥ ಆಸೆ ನಮಗೂ ಹೊಸದಲ್ಲ. ವಿಕ್ರಮಾದಿತ್ಯನ ಸಿಂಹಾಸನದ ಮೂವತ್ತೆರಡು ಗೊಂಬೆಗಳು ಮಾತಾಡಿದ್ದನ್ನು ನಾವು ಅಜ್ಜಿಯ ಬಾಯಲ್ಲಿ ಕೇಳಿದ್ದೇವೆ. ಕಳೆದುಹೋದ ಎಮ್ಮೆ ಯಾವ ದಿಕ್ಕಿನಲ್ಲಿದೆ ಎಂದು ಥಟ್ಟನೆ ಹೇಳುವ ಜೋಯಿಸರಿದ್ದರೆ, ಅವರಿಗೆ ಕರ್ಣಪಿಶಾಚಿ ವಶವಾಗಿದೆ, ಅದೇ ಕಿವಿಯಲ್ಲಿ ಬಂದು ಹೇಳಿಹೋಗುತ್ತದೆ ಎಂದು ಹಿಂದಿನಿಂದ ಪಿಸುಗುಟ್ಟುವವರೂ ಇದ್ದಾರೆ. ನಾನು ಹೇಳಹೊರಟಿರುವ ತಲೆ ಮಾತ್ರ ಯುರೋಪಿನದು. ಅದರ ಒಡೆಯನೆಂದು ಕಥೆ ಹೇಳುವ ವ್ಯಕ್ತಿ ಕಟ್ಟುಕಥೆಯವನಲ್ಲ, ನಿಜವಾಗಿ ಬದುಕಿದ್ದ ದೊಡ್ಡ ಗಣಿತಜ್ಞ. ಹೆಸರು ಗರ್ಬರ್ಟ್. ಫ್ರಾನ್ಸಿನ ಓರಿಯಾಕ್ ಎಂಬ ಊರಿನ ಮಠದಲ್ಲಿ ಬೆಳೆದ ಬಡವರ ಮಗ. ಮುಂದೆ ಕ್ರಿ.ಶ. 999ರಲ್ಲಿ ರೋಮಿನಲ್ಲಿ ಪೋಪ್ ಆಗಿ ಎರಡನೆಯ ಸಿಲ್ವೆಸ್ಟರ್ ಎಂಬ ಹೆಸರು ಪಡೆದ. 1003ರ ಮೇ 12ರಂದು ತೀರಿಕೊಂಡ.

ತಲೆ ಎಂಬುದು ಸುಳ್ಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಕೊನೆಯ ತನಕ ಅದು ಈಗ ಎಲ್ಲಿದೆ ಎಂದು ನೀವು ಕಾಯುತ್ತೀರಿ. ಅಂಥ ತಲೆ ಎಲ್ಲಿಯೂ ಇರಲಿಲ್ಲ. ಆದರೆ ಆ ಸುಳ್ಳು ಬೇರೆ ಯಾರ ಹೆಗಲಿಗೂ ಹೋಗದೆ ಮೊದಲು ಇವನ ಹೆಗಲಿಗೇ ಏಕೆ ಬಂತು? ಇದು ಕೇಳಬೇಕಾದ ಪ್ರಶ್ನೆ. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಆಡಿಕೊಂಡು ಬದುಕುವ ನಮ್ಮಂಥ ಗಡಿಯವರಿಗಂತೂ ಇದರ ಉತ್ತರ ಬೇಗ ತಿಳಿಯುತ್ತದೆ.

ಕಥೆಯನ್ನು ಮೊದಲು ಕೇಳಿಬಿಡಿ. ಇದನ್ನು ಬರೆದಿಟ್ಟವನು ಇಂಗ್ಲೆಂಡಿನ ಮಾಮ್ಸ್‌ಬರಿ ಎಂಬಲ್ಲಿನ ಸನ್ಯಾಸಿ, ವಿಲಿಯಂ ಎಂಬವನು. ಬರೆದದ್ದು ಸುಮಾರು 1125ರಲ್ಲಿ, ಅಂದರೆ ಗರ್ಬರ್ಟ್ ಸತ್ತು ನೂರಿಪ್ಪತ್ತು ವರ್ಷ ಕಳೆದ ಮೇಲೆ.

ಗರ್ಬರ್ಟ್ ಹುಡುಗನಾಗಿದ್ದಾಗ ಮಠದಿಂದ ಓಡಿಹೋಗಿ ಸ್ಪೇನ್ ದೇಶದ ಅರಬರ ಸೀಮೆಯನ್ನು ಸೇರಿದನಂತೆ. ಅಲ್ಲಿ ಒಬ್ಬ ಪಂಡಿತನ ಮನೆಯಲ್ಲಿ ಉಳಿದು ವಿದ್ಯೆ ಕಲಿತ. ಪಂಡಿತ ಎಲ್ಲ ಪುಸ್ತಕಗಳನ್ನೂ ಕೊಟ್ಟ, ಒಂದನ್ನು ಮಾತ್ರ ಕೊಡಲಿಲ್ಲ. ಅದನ್ನು ರಾತ್ರಿ ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದ. ಗರ್ಬರ್ಟ್ ಪಂಡಿತನ ಮಗಳ ಸ್ನೇಹ ಸಂಪಾದಿಸಿ, ಪಂಡಿತನಿಗೆ ಚೆನ್ನಾಗಿ ಕುಡಿಸಿ, ದಿಂಬಿನ ಕೆಳಗಿನ ಪುಸ್ತಕ ಎಳೆದುಕೊಂಡು ಓಟ ಕಿತ್ತ. ಎಚ್ಚರವಾದ ಪಂಡಿತ ನಕ್ಷತ್ರ ನೋಡಿ ಕಳ್ಳನ ಜಾಡು ಹಿಡಿದ. ನಕ್ಷತ್ರಗಳಿಗೆ ನೆಲದ ಮೇಲಿರುವುದೂ ಕಾಣುತ್ತದೆ, ನೀರಿನಲ್ಲಿರುವುದೂ ಕಾಣುತ್ತದೆ. ಗರ್ಬರ್ಟನಿಗೂ ಅಷ್ಟು ವಿದ್ಯೆ ಬಂದಿತ್ತಲ್ಲ. ಅವನು ಒಂದು ಮರದ ಸೇತುವೆಯ ಕೆಳಗೆ ಹೋಗಿ, ನೆಲ ಮುಟ್ಟದೆ, ನೀರೂ ಮುಟ್ಟದೆ, ತೊಲೆ ಹಿಡಿದು ಜೋತುಬಿದ್ದ. ನಕ್ಷತ್ರಗಳಿಗೆ ಅವನು ಕಾಣದೇ ಹೋದ. ಪಂಡಿತ ಬರಿಗೈಯಲ್ಲಿ ಮನೆಗೆ ಮರಳಿದ.

ಇಷ್ಟು ಕೇಳುವಾಗಲೇ ನಿಮಗೆ ಹಿರಣ್ಯಕಶಿಪುವಿನ ನೆನಪಾಗಿರಬೇಕು. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ, ನೆಲದ ಮೇಲೂ ಅಲ್ಲ ಆಕಾಶದಲ್ಲೂ ಅಲ್ಲ. ದಶಾವತಾರದ ಆಟ ನೋಡಿದವರಿಗೆ ಈ ಜಾಣತನದ ಗುಟ್ಟು ಗೊತ್ತು.

ಮುಂದೆ ಗರ್ಬರ್ಟ್ ಸೈತಾನನೊಡನೆ ಒಪ್ಪಂದ ಮಾಡಿಕೊಂಡು ಸಮುದ್ರ ದಾಟಿ ಬಂದ. ಗ್ರಹಗಳೆಲ್ಲ ಒಂದು ವಿಶೇಷ ಸ್ಥಾನಕ್ಕೆ ಬಂದ ಮುಹೂರ್ತ ನೋಡಿ ಈ ತಲೆಯನ್ನು ಎರಕ ಹೊಯ್ದ. ನಾನು ಪೋಪ್ ಆಗುತ್ತೇನೆಯೇ ಎಂದು ಕೇಳಿದ. ತಲೆ ಹೌದೆಂದಿತು. ಜೆರುಸಲೇಮಿನಲ್ಲಿ ಪೂಜೆ ಸಲ್ಲಿಸುವ ಮೊದಲು ನನಗೆ ಸಾವಿದೆಯೇ ಎಂದು ಕೇಳಿದ. ಇಲ್ಲ ಎಂದಿತು. ಅವನಿಗೆ ಸಂತೋಷವೋ ಸಂತೋಷ. ಜೆರುಸಲೇಮ್ ಎಲ್ಲಿ, ರೋಮ್ ಎಲ್ಲಿ! ಆ ಕಡೆ ತಲೆಹಾಕದಿದ್ದರಾಯಿತು, ಸಾವೇ ಇಲ್ಲ ಎಂದುಕೊಂಡ. ಆದರೆ ರೋಮ್ ಪಟ್ಟಣದ ಒಳಗೇ ಜೆರುಸಲೇಮ್ ಎಂಬ ಹೆಸರಿನದೊಂದು ಚರ್ಚಿದೆ. ಪದ್ಧತಿಯಂತೆ ಒಂದು ದಿನ ಅಲ್ಲಿ ಪೂಜೆ ಮಾಡಿಸಿದ. ಆಗಲೇ ಮೈ ಬಿಸಿಯೇರಿ ಹಾಸಿಗೆ ಹಿಡಿದ. ತಲೆಯನ್ನು ಕೇಳಿದ. ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಉತ್ತರ ಕೊಟ್ಟಿದ್ದು ಆಗ ತಿಳಿಯಿತು.

ಕಥೆ ರಸವತ್ತಾಗಿದೆ. ರಸವತ್ತಾಗಿದೆ ಎಂಬುದೇ ಅದರ ಮೇಲಿನ ಮೊದಲ ಸಂಶಯ. ಆ ಚರ್ಚು ನಿಜವಾಗಿಯೂ ಇದೆ, ಇವತ್ತಿಗೂ ರೋಮಿನಲ್ಲಿ ನೋಡಬಹುದು. ಆದರೆ ಜೆರುಸಲೇಮಿನ ಈ ಜಾಣ್ಮೆ ಊರೂರು ಅಲೆಯುವ ಸರಕು. ಇಂಗ್ಲೆಂಡಿನ ದೊರೆ ನಾಲ್ಕನೆಯ ಹೆನ್ರಿ 1413ರಲ್ಲಿ ತೀರಿಕೊಂಡಾಗ, ಅವನಿಗೂ ಜೆರುಸಲೇಮಿನಲ್ಲಿ ಸಾವೆಂಬ ಭವಿಷ್ಯವಿತ್ತು, ಸತ್ತದ್ದು ಲಂಡನ್ನಿನ ಜೆರುಸಲೇಮ್ ಎಂಬ ಹೆಸರಿನ ಕೋಣೆಯಲ್ಲಿ ಎಂದು ಹೇಳಿಕೊಂಡರು. ಅಂಗಿ ಒಂದೇ, ತೊಟ್ಟವರು ಬೇರೆ.

ಈಗ ನಿಜವಾದ ಗರ್ಬರ್ಟನ ಕಡೆಗೆ ಬರೋಣ.

ಅವನು ಮಠದಿಂದ ಓಡಿಹೋಗಲಿಲ್ಲ. 967ರಲ್ಲಿ ಬಾರ್ಸಿಲೋನಾದ ಒಡೆಯ ಬೊರೆಲ್ ಎಂಬವನು ಓರಿಯಾಕ್ ಮಠಕ್ಕೆ ಬಂದಿದ್ದ. ನಿಮ್ಮ ಸೀಮೆಯಲ್ಲಿ ಗಣಿತ ಮೊದಲಾದ ಶಾಸ್ತ್ರ ಬಲ್ಲವರು ಇದ್ದಾರೆಯೇ ಎಂದು ಮಠದ ಹಿರಿಯರು ಅವನನ್ನು ಕೇಳಿದರು. ಇದ್ದಾರೆ ಎಂದ. ಹಾಗಾದರೆ ನಮ್ಮ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿ ಓದಿಸಿ ಎಂದು ಗರ್ಬರ್ಟನನ್ನು ಒಪ್ಪಿಸಿದರು. ಸುಮಾರು ಮೂರು ವರ್ಷ ಅವನು ಅಲ್ಲಿ, ವಿಕ್ ಎಂಬ ಊರಿನ ಬಿಷಪ್ ಆಟ್ಟೋ ಎಂಬವನ ಕೈಕೆಳಗೆ ಗಣಿತ ಕಲಿತ. ಇದನ್ನು ಬರೆದಿಟ್ಟಿರುವವನು ರಿಷೆ ಎಂಬ ಅವನದೇ ಕಾಲದ ಸನ್ಯಾಸಿ, ಅವನ ಪಾಠಶಾಲೆಯನ್ನು ಬಲ್ಲವನು. ದಿಂಬಿಲ್ಲ, ಮಗಳಿಲ್ಲ, ಸೇತುವೆಯಿಲ್ಲ. ಓದಲು ಹೋದ, ಓದಿದ. ಅರಬ್ ಖಲೀಫರ ರಾಜಧಾನಿ ಕಾರ್ಡೋಬಾದವರೆಗೂ ಹೋದನೆಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಹೋಗಬೇಕಾದ ಅಗತ್ಯವೂ ಇರಲಿಲ್ಲ.

ಏಕೆಂದರೆ ಬಾರ್ಸಿಲೋನಾ, ವಿಕ್, ರಿಪೋಲ್ ಇವೆಲ್ಲ ಗಡಿಯ ಊರುಗಳು. ಈ ಕಡೆ ಕ್ರೈಸ್ತ ದೊರೆಗಳ ಸೀಮೆ, ಆ ಕಡೆ ಅರಬರ ಸೀಮೆ. ಕೆಟಲೋನಿಯಾ ಎಂದು ಇವತ್ತು ಕರೆಯುವ ಆ ಪ್ರದೇಶಕ್ಕೆ ಅಂದು ಗಡಿನಾಡು ಎಂದೇ ಹೆಸರಿತ್ತು. ಅಲ್ಲಿಯ ಜನ ಈ ಕಡೆಯವರೊಂದಿಗೆ ಲ್ಯಾಟಿನ್ ಬಲ್ಲವರಾಗಿ, ಆ ಕಡೆಯವರೊಂದಿಗೆ ಅರಬ್ಬಿ ಬಲ್ಲವರಾಗಿ ಬದುಕಬೇಕಾಗಿತ್ತು. ಬೊರೆಲ್ ಕೂಡ ಕಾರ್ಡೋಬಾಕ್ಕೆ ರಾಯಭಾರಿಗಳನ್ನು ಕಳಿಸುತ್ತಿದ್ದವನು. ರಾಯಭಾರಿಯ ಹಿಂದೆ ದುಭಾಷಿ ಬೇಕು, ದುಭಾಷಿಯ ಚೀಲದಲ್ಲಿ ಒಂದೆರಡು ಪುಸ್ತಕ ಬರುತ್ತವೆ. ರಿಪೋಲ್ ಮಠದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೆ ಇಳಿಸಿದ ಗಣಿತದ, ಖಗೋಳದ ಹಾಳೆಗಳು ಹೀಗೆ ಸೇರಿದವು. ಇದೆಲ್ಲ ಶಾಂತಿಯಿಂದ ನಡೆಯಿತು ಎಂದುಕೊಳ್ಳಬೇಡಿ. 985ರಲ್ಲಿ ಕಾರ್ಡೋಬಾದ ಸೇನಾಪತಿ ಅಲ್ ಮನ್ಸೂರ್ ಬಂದು ಬಾರ್ಸಿಲೋನಾವನ್ನು ಸೂರೆ ಮಾಡಿದ, ಸುಟ್ಟ. ಗಡಿಯ ಬಾಳೇ ಹಾಗೆ. ಪುಸ್ತಕವೂ ಅದೇ ದಾರಿಯಲ್ಲಿ ಬರುತ್ತದೆ, ದಂಡೂ ಅದೇ ದಾರಿಯಲ್ಲಿ ಬರುತ್ತದೆ.

ಗರ್ಬರ್ಟ್ ಅಲ್ಲಿಂದ ಏನು ಹೊತ್ತು ತಂದ? ಮಾತಾಡುವ ತಲೆಯನ್ನಲ್ಲ, ಒಂದು ಹಲಗೆಯನ್ನು. ಈ ಹಲಗೆಯ ವಿಚಾರ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಪಾಲು ಇರುವುದು ಇಲ್ಲಿಯೇ.

ಆ ಕಾಲದ ಯುರೋಪಿನಲ್ಲಿ ಲೆಕ್ಕ ಬರೆಯುತ್ತಿದ್ದುದು ರೋಮನ್ ಅಂಕಿಗಳಲ್ಲಿ. ಹಳೆಯ ಗೋಡೆ ಗಡಿಯಾರಗಳ ಮುಖದ ಮೇಲೆ ನೀವು ನೋಡಿರುತ್ತೀರಿ. ಐ ಎಂದರೆ ಒಂದು, ವಿ ಎಂದರೆ ಐದು, ಎಕ್ಸ್ ಎಂದರೆ ಹತ್ತು. ಇಪ್ಪತ್ತಮೂರು ಎಂದು ಬರೆಯಬೇಕಾದರೆ ಎರಡು ಎಕ್ಸ್ ಹಾಕಿ ಮೂರು ಐ ಹಾಕಬೇಕು. ಬರೆದಿಡಲು ತೊಂದರೆಯಿಲ್ಲ. ಗುಣಿಸಲು ಹೋಗಿ ನೋಡಿ! ನಿಮ್ಮ ತೋಟದಲ್ಲಿ 23 ಸಾಲು ಮಾವಿನ ಗಿಡ, ಸಾಲಿಗೆ 14 ಗಿಡ ಎಂದುಕೊಳ್ಳಿ. ಒಟ್ಟು ಎಷ್ಟು? ರೋಮನ್ ಅಕ್ಷರಗಳನ್ನು ಒಂದರ ಕೆಳಗೊಂದು ಇಟ್ಟು ಗುಣಿಸುವ ದಾರಿಯೇ ಇಲ್ಲ. ಬೆರಳು ಮಡಿಸಿಯೋ ಕಲ್ಲಿನ ಹರಳು ಎಣಿಸಿಯೋ ಲೆಕ್ಕ ಹಾಕಿ, ಆಮೇಲೆ ಉತ್ತರ ಬರೆಯಬೇಕು.

ಗರ್ಬರ್ಟ್ 972ರಲ್ಲಿ ಫ್ರಾನ್ಸಿನ ರೀಮ್ಸ್ ಪಟ್ಟಣಕ್ಕೆ ಬಂದು ಪಾಠ ಹೇಳತೊಡಗಿದ. ಅಲ್ಲಿ ಗುರಾಣಿ ಮಾಡುವವನೊಬ್ಬನಿಂದ ಒಂದು ಹಲಗೆ ಮಾಡಿಸಿದ. ಅದರಲ್ಲಿ ಉದ್ದಕ್ಕೆ ಗೆರೆ ಹೊಡೆಸಿ 27 ಮನೆ ಮಾಡಿಸಿದ. ಬಲಗಡೆಯ ಮನೆ ಬಿಡಿಯದು, ಅದರ ಎಡಕ್ಕೆ ಹತ್ತರದು, ಆಮೇಲೆ ನೂರರದು, ಸಾವಿರದ್ದು, ಹೀಗೆ. ದನದ ಕೊಂಬಿನಿಂದ ಒಂದು ಸಾವಿರ ಬಿಲ್ಲೆ ಮಾಡಿಸಿ, ಅವುಗಳ ಮೇಲೆ ಒಂಬತ್ತು ಬಗೆಯ ಗುರುತು ಬರೆಸಿದ. ಒಂದಕ್ಕೆ ಒಂದು ಗುರುತು, ಎರಡಕ್ಕೆ ಒಂದು, ಒಂಬತ್ತರ ತನಕ.

ಈಗ ನಮ್ಮ ಮಾವಿನ ತೋಟದ ಲೆಕ್ಕ ಹಾಕೋಣ. ಮೂರು ನಾಲ್ಕಲೆ ಹನ್ನೆರಡು: ಬಿಡಿಯ ಮನೆಯಲ್ಲಿ ಎರಡರ ಬಿಲ್ಲೆ, ಹತ್ತರ ಮನೆಯಲ್ಲಿ ಒಂದರ ಬಿಲ್ಲೆ. ಎರಡು ನಾಲ್ಕಲೆ ಎಂಟು: ಹತ್ತರ ಮನೆಯಲ್ಲಿ ಎಂಟು. ಮೂರೊಂದ್ಲೆ ಮೂರು: ಅದೂ ಹತ್ತರ ಮನೆಗೆ. ಎರಡೊಂದ್ಲೆ ಎರಡು: ನೂರರ ಮನೆಗೆ. ಹತ್ತರ ಮನೆಯಲ್ಲಿ ಒಂದು, ಎಂಟು, ಮೂರು ಸೇರಿ ಹನ್ನೆರಡಾಯಿತು. ಎರಡನ್ನು ಅಲ್ಲೇ ಬಿಟ್ಟು ಒಂದನ್ನು ನೂರರ ಮನೆಗೆ ದಾಟಿಸಿ. ಮೂರು, ಎರಡು, ಎರಡು. ಮುನ್ನೂರ ಇಪ್ಪತ್ತೆರಡು ಗಿಡ. ನಮ್ಮ ನಾಲ್ಕನೆಯ ಇಯತ್ತೆಯ ಹುಡುಗಿ ಇದನ್ನು ಕಾಗದದ ಮೇಲೆ ಮಾಡುತ್ತಾಳೆ, ಅವಳನ್ನು ಯಾರೂ ಮಾಟಗಾತಿ ಎನ್ನುವುದಿಲ್ಲ. ಅಂದಿನ ರೀಮ್ಸ್ ಪಟ್ಟಣದಲ್ಲಿ ಇದು ಬೆರಗು. ಗರ್ಬರ್ಟನ ಹಲಗೆಯ ಮೇಲೆ ದೊಡ್ಡ ಸಂಖ್ಯೆಗಳ ಗುಣಾಕಾರ, ಬಾಯಲ್ಲಿ ವಿವರಿಸಲು ಬೇಕಾಗುವ ಹೊತ್ತಿಗಿಂತ ಬೇಗ ಮುಗಿಯುತ್ತಿತ್ತು ಎಂದು ರಿಷೆ ಬರೆದಿದ್ದಾನೆ.

ಆ ಒಂಬತ್ತು ಗುರುತುಗಳು ಎಲ್ಲಿಯವು ಗೊತ್ತೇ? ನಮ್ಮವು. ನಮ್ಮ ದೇಶದಿಂದ ಬಾಗ್ದಾದಿಗೆ ಹೋಗಿ, ಅಲ್ಲಿ ಸುಮಾರು 825ರ ಹೊತ್ತಿಗೆ ಅಲ್ ಖ್ವಾರಿಜ್ಮಿ ಎಂಬ ಪಂಡಿತ ಭಾರತೀಯರ ಲೆಕ್ಕದ ಕ್ರಮ ಎಂದೇ ಅವನ್ನು ವಿವರಿಸಿ ಪುಸ್ತಕ ಬರೆದ. ಅಲ್ಲಿಂದ ಅರಬರ ಸ್ಪೇನಿಗೆ ಬಂದವು. ಸ್ಪೇನಿನ ಗಡಿಯ ಇನ್ನೊಂದು ಕಡೆ, ಆಲ್ಬೆಲ್ದಾ ಎಂಬ ಮಠದಲ್ಲಿ 976ರಲ್ಲಿ ವಿಜಿಲಾ ಎಂಬ ಸನ್ಯಾಸಿ ನಕಲು ಮಾಡಿದ ಪುಸ್ತಕದಲ್ಲಿ ಈ ಒಂಬತ್ತು ಅಂಕಿಗಳಿವೆ. ಪಶ್ಚಿಮ ಯುರೋಪಿನಲ್ಲಿ ಸಿಕ್ಕಿರುವ ಅತಿ ಹಳೆಯ ನಮೂನೆ ಅದು. ಅಂಕಿಗಳ ಜೊತೆಗೆ, ಲೆಕ್ಕದ ಸೂಕ್ಷ್ಮಬುದ್ಧಿಯಲ್ಲಿ ಭಾರತೀಯರೇ ಮೇಲು ಎಂಬ ಹೊಗಳಿಕೆಯನ್ನೂ ಆ ಪುಸ್ತಕದಲ್ಲಿ ಬರೆದಿದೆ. ನಮ್ಮ ಹಳ್ಳಿಗಳಲ್ಲಿ ಒಂದು ರೂಢಿಯುಂಟು. ಕನ್ನಡ ಶಾಲೆಯಲ್ಲಿ ಕಲಿತ ಅಂಕಿ ಕನ್ನಡದ್ದು, ಮರಾಠಿ ಶಾಲೆಯದು ಮರಾಠಿ ಅಂಕಿ, ಬಸ್ಸಿನ ಮೇಲೆ, ನೋಟಿನ ಮೇಲೆ ಇರುವುದು ಇಂಗ್ಲಿಷ್ ಅಂಕಿ ಎನ್ನುತ್ತೇವೆ. ಆ ಇಂಗ್ಲಿಷ್ ಅಂಕಿ ಇದೇ ಒಂಬತ್ತರ ಸಂತಾನ. ಮದುವೆಯಾಗಿ ದೂರ ಹೋದ ಮಗಳು ಬೇರೆ ಸೀರೆಯುಟ್ಟು ತವರಿಗೆ ಬಂದರೆ ಗುರುತು ಸಿಗದ ಹಾಗೆ.

ಸೊನ್ನೆ ಮಾತ್ರ ಗರ್ಬರ್ಟನ ಹಲಗೆಗೆ ಬರಲಿಲ್ಲ. ಮನೆ ಖಾಲಿ ಬಿಟ್ಟರೆ ಅದೇ ಸೊನ್ನೆಯ ಕೆಲಸ ಮಾಡುತ್ತಿತ್ತು. ಇಲ್ಲಿ ನಮ್ಮ ಕಡೆ ಬ್ರಹ್ಮಗುಪ್ತ 628ರಲ್ಲೇ ಸೊನ್ನೆಯನ್ನು ಕೂಡುವ, ಕಳೆಯುವ ನಿಯಮಗಳನ್ನು ಬರೆದಾಗಿತ್ತು. ಗರ್ಬರ್ಟ್ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ, ಮಳಖೇಡದ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದಿದ್ದರು. ವಿಲಿಯಂ ಸನ್ಯಾಸಿ ಈ ತಲೆಯ ಕಥೆ ಬರೆದ ಅದೇ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಅಲ್ಲಿ ಮಾಟವೆನಿಸಿದ್ದು ಇಲ್ಲಿ ಶಾನುಭೋಗರ ದಿನನಿತ್ಯದ ಕಸುಬು.

ಇನ್ನೊಂದು ಸ್ವಾರಸ್ಯ. ಹನ್ನೊಂದನೆಯ ಶತಮಾನದ ಕೆಲವು ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಈ ಬಿಲ್ಲೆಗಳಿಗೆ ವಿಚಿತ್ರವಾದ ಹೆಸರುಗಳಿವೆ. ನಾಲ್ಕಕ್ಕೆ ಅರ್ಬಾಸ್, ಐದಕ್ಕೆ ಕ್ವಿಮಾಸ್, ಎಂಟಕ್ಕೆ ತೆಮೆನಿಯಾಸ್. ಅರಬ್ಬಿ ಬಲ್ಲವರಿಗೆ ಗೊತ್ತಾಗುತ್ತದೆ, ಅರ್ಬಾ ಎಂದರೆ ನಾಲ್ಕು, ಖಮ್ಸಾ ಎಂದರೆ ಐದು, ಥಮಾನಿಯಾ ಎಂದರೆ ಎಂಟು. ಮಾತು ಗಡಿ ದಾಟಿ ಬಂತು, ಅರ್ಥ ಹಿಂದೆಯೇ ಉಳಿಯಿತು. ಫ್ರಾನ್ಸಿನ ಹುಡುಗರು ಅವನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿರಬೇಕು. ಅಕ್ಕಲಕೋಟೆ, ಜತ್ತದ ಕಡೆ ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳು ಶಾಲೆಯಿಂದ ಬಂದು ಕಟ್ಟೆಯ ಮೇಲೆ ಕುಳಿತು ‘ಬೇ ಏಕೇ ಬೇ, ಬೇ ದುಣೇ ಚಾರ’ ಎಂದು ಒದರುವುದನ್ನು ಕೇಳಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ನಮ್ಮ ಮಕ್ಕಳಿಗೆ ಎರಡರ ಅರ್ಥವೂ ಗೊತ್ತು, ಅಷ್ಟೇ ವ್ಯತ್ಯಾಸ. ಆದರೆ ಅರ್ಥ ಗೊತ್ತಿಲ್ಲದೆ ಹೊರಗೆ ನಿಂತು ಕೇಳುವವನಿಗೆ ಅರ್ಬಾಸ್, ಕ್ವಿಮಾಸ್ ಎಂದು ಗೊಣಗುತ್ತ ಬಿಲ್ಲೆ ಸರಿಸುವ ಮನುಷ್ಯ ಹೇಗೆ ಕಾಣಿಸಿರಬೇಕು, ನೀವೇ ಊಹಿಸಿಕೊಳ್ಳಿ.

ಅವನು ನಕ್ಷತ್ರ ತೋರಿಸಲು ಗೋಳಗಳನ್ನೂ ಮಾಡುತ್ತಿದ್ದ. ಒಂದು ಗೋಳದ ನಡುವೆ ಕೊಳವೆ ತೂರಿಸಿ, ಆ ಕೊಳವೆಯನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಡಬೇಕು. ಆಮೇಲೆ ಒಂದು ನಕ್ಷತ್ರವನ್ನು ಯಾರಾದರೂ ತೋರಿಸಿಕೊಟ್ಟರೆ ಸಾಕು, ಉಳಿದವನ್ನೆಲ್ಲ ಗುರುವಿನ ನೆರವಿಲ್ಲದೆ ತಾನೇ ಗುರುತಿಸಬಹುದು. ಒಳ್ಳೆಯ ಮಾಸ್ತರ ಎಂದರೆ ಇವನೇ ಎನಿಸುತ್ತದೆ ನನಗೆ. ತನ್ನ ಅಗತ್ಯವೇ ಬೀಳದಂಥ ಸಲಕರಣೆ ಮಾಡಿಕೊಟ್ಟವನ ಮೇಲೆ, ಗುಟ್ಟಿನ ವಿದ್ಯೆ ಬಚ್ಚಿಟ್ಟುಕೊಂಡವನು ಎಂಬ ಅಪವಾದ ಬಂತು ನೋಡಿ.

ಆ ಅಪವಾದ ತಾನಾಗಿ ಹುಟ್ಟಿದ್ದಲ್ಲ. ಬದುಕಿದ್ದಾಗ ಗರ್ಬರ್ಟನಿಗೆ ಶತ್ರುಗಳು ಕಡಿಮೆಯಿರಲಿಲ್ಲ. ರೀಮ್ಸಿನ ಆರ್ಚ್‌ಬಿಷಪ್ ಪದವಿಗಾಗಿ 991ರಿಂದ ಏಳೆಂಟು ವರ್ಷ ದೊಡ್ಡ ಜಗಳವೇ ನಡೆಯಿತು. ಅವನಿಗೆ ಆ ಪದವಿಯ ಹಕ್ಕಿಲ್ಲ ಎಂದು ವಾದಿಸಿದರು, ಕುಟಿಲ ಎಂದರು. ಮಾಟಗಾರ ಎಂಬ ಮಾತು ಬಂದದ್ದು ಅವನು ಸತ್ತು ಸುಮಾರು ಎಂಬತ್ತು ವರ್ಷದ ಮೇಲೆ. ಆಗ ಪೋಪ್ ಏಳನೆಯ ಗ್ರೆಗರಿಗೂ ಜರ್ಮನಿಯ ಚಕ್ರವರ್ತಿಗೂ ಜಟಾಪಟಿ. ಗ್ರೆಗರಿಯ ವಿರೋಧ ಪಕ್ಷ ಸೇರಿದ್ದ ಬೆನೋ ಎಂಬ ಕಾರ್ಡಿನಲ್ ಒಂದು ಬರಹ ಹೊರಡಿಸಿ, ಗ್ರೆಗರಿ ಮಾಟಗಾರ, ಅವನಿಗೆ ಆ ವಿದ್ಯೆ ಗುರುಪರಂಪರೆಯಿಂದ ಬಂದದ್ದು, ಆ ಪರಂಪರೆಯ ಮೂಲಪುರುಷ ಗರ್ಬರ್ಟ್ ಎಂದು ಸಾರಿದ. ಹೊಡೆಯಬೇಕಾಗಿದ್ದುದು ಗ್ರೆಗರಿಯನ್ನು, ಮಸಿ ಬಿದ್ದದ್ದು ಸತ್ತವನ ಮುಖಕ್ಕೆ. ಜೆರುಸಲೇಮಿನ ಚಮತ್ಕಾರ ಬೆನೋನ ಬರಹದಲ್ಲಿಯೇ ಇದೆ, ಆದರೆ ಅಲ್ಲಿ ಉತ್ತರ ಕೊಡುವುದು ಸೈತಾನ. ನಲವತ್ತು ವರ್ಷದ ಮೇಲೆ ವಿಲಿಯಂ ಬರೆಯುವಷ್ಟರಲ್ಲಿ ಸೈತಾನನ ಜಾಗಕ್ಕೆ ತಲೆ ಬಂದು ಕುಳಿತಿತ್ತು.

ಇದನ್ನು ಹಳೆಯ ಕಾಲದ ದೂರದೇಶದ ಮಾತೆಂದು ನಗುವ ಹಾಗಿಲ್ಲ. ಕರಣಿ ಮಾಡಿಸಿದಳು, ಬಾನಾಮತಿ ಮಾಡುತ್ತಾನೆ ಎಂದು ಒಬ್ಬರ ಹೆಸರು ಹಿಡಿದು ಹೇಳುವುದು ನಮ್ಮ ಸೀಮೆಯಲ್ಲೂ ನಡೆದಿದೆ, ಅದರಿಂದ ಜನ ಪೆಟ್ಟು ತಿಂದಿದ್ದಾರೆ, ಪ್ರಾಣವೂ ಹೋಗಿದೆ. ವಿಚಾರಿಸಿ ನೋಡಿದರೆ ಒಳಗೆ ಹೊಲದ ತಕರಾರೋ ಭಾವ ಮೈದುನರ ವೈಷಮ್ಯವೋ ಇರುತ್ತದೆ. ಮಹಾರಾಷ್ಟ್ರದಲ್ಲಿ 2013ರ ಕಾನೂನಿನ ಪ್ರಕಾರ ಹಾಗೆ ಒಬ್ಬರ ಮೇಲೆ ಕರಣಿಯ ಹೆಸರು ಹೊರಿಸುವುದೇ ಅಪರಾಧ. ಕರ್ನಾಟಕದಲ್ಲಿಯೂ ವಾಮಾಚಾರದ ವಿರುದ್ಧ 2017ರ ಕಾನೂನಿದೆ. ಗರ್ಬರ್ಟನ ಪುಣ್ಯ, ಅವನ ಮೇಲೆ ಅಪವಾದ ಬಂದದ್ದು ಸತ್ತ ಮೇಲೆ.

ಸತ್ತ ಮೇಲೂ ಗೋರಿಯನ್ನು ಬಿಡಲಿಲ್ಲ. ರೋಮಿನ ಲ್ಯಾಟರನ್ ಚರ್ಚಿನಲ್ಲಿ ಅವನ ಸಮಾಧಿಯ ಶಿಲಾಲೇಖವಿದೆ. ಪ್ರಭುವು ಬರುವಾಗ, ತುತ್ತೂರಿಯ ದನಿ ಕೇಳಿದಾಗ, ಈ ನೆಲ ಸಿಲ್ವೆಸ್ಟರನ ದೇಹವನ್ನು ಒಪ್ಪಿಸುತ್ತದೆ ಎಂಬುದು ಅದರ ಆರಂಭದ ತಾತ್ಪರ್ಯ. ಕ್ರೈಸ್ತರ ಅಂತಿಮ ತೀರ್ಪಿನ ದಿನದ ಮಾತು ಅದು. ಲ್ಯಾಟಿನ್ ವಾಕ್ಯದ ಅನ್ವಯ ತಿಳಿಯದವರು, ಒಡೆಯ ಬರುವಾಗ ಗೋರಿಯೇ ದನಿ ಮಾಡುತ್ತದೆ ಎಂದು ಓದಿಕೊಂಡರು. ಪೋಪ್ ಒಬ್ಬರು ಸಾಯುವ ಹೊತ್ತಿಗೆ ಒಳಗೆ ಎಲುಬು ಗಲಗಲ ಎನ್ನುತ್ತವೆ, ಕಲ್ಲು ಬೆವರುತ್ತದೆ ಎಂಬ ವದಂತಿ ಶತಮಾನಗಟ್ಟಲೆ ನಡೆಯಿತು. ಒಂದು ಪ್ರತ್ಯಯ ತಪ್ಪಾಗಿ ಹಚ್ಚಿಕೊಂಡದ್ದರ ಫಲ. ಎರಡು ಭಾಷೆಯ ನಡುವೆ ದಿನವೂ ಸಾತಬಾರಾ ಉತಾರ, ನೋಟೀಸು, ರೇಷನ್ ಕಾರ್ಡು ಓದಿ ಅರ್ಥ ಹೇಳುವ ನಿಮಗೆ ಒಂದು ಪ್ರತ್ಯಯದ ಬೆಲೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ತಲೆಯ ಕಥೆ ಗರ್ಬರ್ಟನಲ್ಲಿಗೇ ನಿಲ್ಲಲಿಲ್ಲ. ಹದಿಮೂರನೆಯ ಶತಮಾನದ ಜರ್ಮನಿಯಲ್ಲಿ ಗಿಡಮರ, ಖನಿಜಗಳನ್ನು ಪರೀಕ್ಷಿಸಿ ಬರೆದ ಆಲ್ಬರ್ಟಸ್ ಎಂಬ ಪಂಡಿತನ ಹತ್ತಿರವೂ ಇಂಥದೊಂದಿತ್ತು ಎಂದರು. ಅದು ಬಿಡುವಿಲ್ಲದೆ ವಟಗುಟ್ಟುತ್ತಿತ್ತಂತೆ, ತಾಳಲಾರದೆ ಅವನ ಶಿಷ್ಯ ಥಾಮಸ್ ಅದನ್ನು ಒಡೆದು ಹಾಕಿದನಂತೆ. ಅದೇ ಶತಮಾನದ ಇಂಗ್ಲೆಂಡಿನ ರೋಜರ್ ಬೇಕನ್ ಎಂಬವನ ಪಾಲಿಗೆ ಬಂದದ್ದು ಹಿತ್ತಾಳೆಯ ತಲೆ. ಇಂಗ್ಲೆಂಡಿನ ಸುತ್ತ ಹಿತ್ತಾಳೆಯ ಕೋಟೆ ಕಟ್ಟುವ ಉಪಾಯ ಅದರಿಂದ ಕೇಳಬೇಕೆಂದು ಏಳು ವರ್ಷ ದುಡಿದು, ದಣಿದು, ಆಳನ್ನು ಕಾವಲಿಗಿಟ್ಟು ಮಲಗಿದ. ತಲೆ ಮೂರು ಸಲ ಕಾಲದ ವಿಷಯವಾಗಿ ಒಂದೊಂದು ಚಿಕ್ಕ ಮಾತಾಡಿತು. ಇಷ್ಟು ಸಣ್ಣ ಮಾತಿಗೆ ಯಜಮಾನರನ್ನು ಎಬ್ಬಿಸುವುದೇ ಎಂದು ಆಳು ಸುಮ್ಮನಾದ. ತಲೆ ಒಡೆದು ಚೂರಾಯಿತು. 1590ರ ಸುಮಾರಿಗೆ ರಾಬರ್ಟ್ ಗ್ರೀನ್ ಎಂಬವನು ಇದನ್ನು ನಾಟಕ ಮಾಡಿ ಲಂಡನ್ನಿನಲ್ಲಿ ಜನರನ್ನು ನಗಿಸಿದ. ನಿಜವಾದ ಬೇಕನ್ ಏನು ಮಾಡಿದ್ದ? ಮಸೂರಗಳನ್ನು, ಕಾಮನಬಿಲ್ಲನ್ನು ಅಭ್ಯಾಸ ಮಾಡಿದ್ದ. 1267ರಲ್ಲಿ ಪೋಪರಿಗೆ ದೊಡ್ಡ ಗ್ರಂಥ ಬರೆದು ಕಳಿಸಿ, ನಮ್ಮ ಪಂಚಾಂಗ ಸೂರ್ಯನ ಗತಿಯಿಂದ ಜಾರಿಹೋಗಿದೆ, ತಿದ್ದಿರಿ ಎಂದಿದ್ದ. ತಿದ್ದಿದ್ದು 1582ರಲ್ಲಿ. ಮುನ್ನೂರು ವರ್ಷ ಅವನ ಮಾತಿಗೆ ಕಿವಿಗೊಟ್ಟವರಿಲ್ಲ. ಅವನ ತಲೆ ಆಡಿತೆಂಬ ಮೂರು ಮಾತು ಮಾತ್ರ ಎಲ್ಲರ ಬಾಯಲ್ಲಿತ್ತು.

ಅಂಕಿಗಳ ಪಾಡೂ ಸುಲಭವಾಗಲಿಲ್ಲ. 1299ರಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣದ ಹಣ ವಿನಿಮಯದ ವರ್ತಕರ ಸಂಘ, ಲೆಕ್ಕದ ಪುಸ್ತಕದಲ್ಲಿ ಈ ಹೊಸ ಅಂಕಿಗಳನ್ನು ಬರೆಯಕೂಡದು ಎಂದು ನಿಯಮ ಮಾಡಿತು. ಹೊರ ಊರಿನ ಅಂಕಿಯ ಮೇಲೆ ನಂಬಿಕೆ ಹುಟ್ಟಲು ಬಹಳ ಕಾಲ ಬೇಕಾಯಿತು. ನಿಮ್ಮ ಕನ್ನಡ ಮರಾಠಿಯ ಹಾಗಿದೆ ಎಂದು ಬೆಂಗಳೂರಿನ ಕಡೆಯವರೂ, ನಿಮ್ಮ ಮರಾಠಿ ಕಾನಡಿಯ ಹಾಗಿದೆ ಎಂದು ಪುಣೆಯ ಕಡೆಯವರೂ ಹೇಳುವುದನ್ನು ಕೇಳಿ ಬೆಳೆದವರಿಗೆ ಆ ಅಂಕಿಗಳ ಮೇಲೆ ಸ್ವಲ್ಪ ಮರುಕವೇ ಹುಟ್ಟುತ್ತದೆ.

ಇನ್ನು ಒಂದೇ ವಿಷಯ. ಗರ್ಬರ್ಟನ ಪತ್ರಗಳು ಇನ್ನೂರಕ್ಕೂ ಹೆಚ್ಚು ಉಳಿದುಬಂದಿವೆ. ಅವುಗಳಲ್ಲಿ 984ರ ಎರಡು ಪತ್ರಗಳು ಮತ್ತೆ ಆ ಗಡಿಯ ಊರುಗಳಿಗೇ ಹೋಗುತ್ತವೆ. ಒಂದರಲ್ಲಿ ಹೆರೋನಾದ ಬಿಷಪ್ಪನನ್ನು, ಜೋಸೆಫ್ ಎಂಬ ಸ್ಪೇನಿನವನು ಬರೆದ ಗುಣಾಕಾರ ಭಾಗಾಕಾರದ ಪುಸ್ತಕ ಕಳಿಸಿಕೊಡಿ ಎಂದು ಕೇಳಿದ್ದಾನೆ. ಇನ್ನೊಂದು ಬಾರ್ಸಿಲೋನಾದ ಲುಪಿಟಸ್ ಎಂಬವನಿಗೆ ಬರೆದದ್ದು. ಅಲ್ಲಿಯ ಪ್ರಧಾನ ಚರ್ಚಿನ ಅಧಿಕಾರಿಯಾಗಿದ್ದ ಲೋಬೆಟ್ ಎಂಬವನೇ ಈತ ಎಂದು ವಿದ್ವಾಂಸರು ಗುರುತಿಸುತ್ತಾರೆ. ಪತ್ರ ನಾಲ್ಕೈದು ಸಾಲಿನದು. ನಿಮ್ಮ ಮೇಲೆ ನನಗೆ ಯಾವ ಹಕ್ಕೂ ಇಲ್ಲದಿದ್ದರೂ ನಿಮ್ಮ ಒಳ್ಳೆಯತನವನ್ನು ನಂಬಿ ಬರೆಯುತ್ತಿದ್ದೇನೆ ಎಂದು ಆರಂಭಿಸಿ, ನಕ್ಷತ್ರಶಾಸ್ತ್ರದ ಮೇಲೆ ನೀವು ಅನುವಾದ ಮಾಡಿರುವ ಪುಸ್ತಕವನ್ನು ದಯವಿಟ್ಟು ಕಳಿಸಿಕೊಡಿ ಎಂದು ಬೇಡುತ್ತಾನೆ. ಅದಕ್ಕೆ ಪ್ರತಿಯಾಗಿ ನನ್ನಿಂದ ಏನು ಬೇಕಿದ್ದರೂ ಸಂಕೋಚಪಡದೆ ಕೇಳಿ ಎಂದು ಮುಗಿಸುತ್ತಾನೆ. ಅಲ್ ಮನ್ಸೂರನ ದಂಡು ಬಾರ್ಸಿಲೋನಾಕ್ಕೆ ಬೆಂಕಿಯಿಟ್ಟದ್ದು ಮರುವರ್ಷ.